ಐದನೇ ವರ್ಷದ ಮೇಲೊಂದು ಕೆಂಪು ಬಾಣ

"ಕಾಲರ್ ಆಯ್ತು, ಕಫ್ ಆಯ್ತು. ಈಗ ನನ್ನ ಬದುಕಿನಲ್ಲೂ ತಪ್ಪು ಹುಡುಕ್ತಿದೀರಾ?"

ಅವಳು ಹಾಳೆಯನ್ನು ಅವನ ಚೆಕಿಂಗ್ ಟೇಬಲ್ ಮೇಲೆ ಇಟ್ಟಳು. ಎಸೆಯಬೇಕೆಂದೇ ಬಂದಿದ್ದಳು, ತೋಳಿನಲ್ಲಿ ಅಷ್ಟು ಕಸುವು ಉಳಿದಿರಲಿಲ್ಲ. ಬೆಳಿಗ್ಗೆಯಿಂದ ಮುನ್ನೂರು ಕಾಲರ್ ಕೂಡಿಸಿದ ತೋಳು ಅದು.

ಊಟದ ಬಿಡುವು. ಹೊಲಿಗೆ ಯಂತ್ರಗಳು ಬಾಯಿ ಮುಚ್ಚಿದ್ದವು. ಉಳಿದವರೆಲ್ಲ ಡಬ್ಬಿ ಹಿಡಿದು ಹೊರಗೆ ಹೋಗಿದ್ದರು.

ಹಾಳೆಯ ಮೇಲೆ ಉಗುರಿನಷ್ಟು ಒಂದು ಕೆಂಪು ಬಾಣದ ಸ್ಟಿಕ್ಕರ್. ಶರ್ಟಿನಲ್ಲಿ ಎಲ್ಲಿ ಹೊಲಿಗೆ ಬಿಟ್ಟಿದೆ, ಎಲ್ಲಿ ಸುಕ್ಕು ಬಿದ್ದಿದೆ ಎಂದು ತೋರಿಸಲು ಚೆಕ್ಕರುಗಳು ಅಂಟಿಸುವಂಥದ್ದು. ಬಾಣ ಬಿದ್ದ ಪೀಸು ಹೊಲಿದವರ ಕೈಗೇ ವಾಪಸು ಬರಬೇಕು, ಅದು ಹೊಲಿಗೆ ಲೈನಿನ ನಿಯಮ. ಆರು ವರ್ಷದಿಂದ ಅವನು ಅಂಟಿಸುತ್ತಿದ್ದ, ಅವಳು ವಾಪಸು ಪಡೆಯುತ್ತಿದ್ದಳು. ಲೈನಿನವರೆಲ್ಲ ಅವನನ್ನು ಬಾಣದಣ್ಣ ಎನ್ನುತ್ತಿದ್ದರು. ಅವಳೊಬ್ಬಳು ಮಾತ್ರ 'ಬಾಣದವರೇ' ಎನ್ನುತ್ತಿದ್ದಳು. ಅಣ್ಣ ಎಂಬ ಮಾತು ಅವಳ ನಾಲಿಗೆಗೆ ಒಂದು ದಿನವೂ ಬಂದಿರಲಿಲ್ಲ. ಗುಂಡಿ ಹಾಕುವ ದೊಡ್ಡಮ್ಮ ಅದನ್ನು ಮೊದಲ ತಿಂಗಳಲ್ಲೇ ಗಮನಿಸಿ ಸುಮ್ಮನಿದ್ದಳು.

ಹಾಳೆ ಆಫೀಸಿನ ಮೇಡಂ ಬೆಳಿಗ್ಗೆ ಹಂಚಿದ್ದು. 'ನನ್ನ ಗುರಿಗಳು.' ಒಂದು ವರ್ಷ, ಮೂರು ವರ್ಷ, ಐದು ವರ್ಷ. ಟಾಯ್ಲೆಟ್ಟಿಗೆ ಹೋಗಲು ಟೋಕನ್ ಕೊಟ್ಟು ನಿಮಿಷ ಎಣಿಸುವ ಕಂಪನಿ, ಐದು ವರ್ಷದ ಮೇಲೆ ನೀವು ಎಲ್ಲಿರಲು ಬಯಸುತ್ತೀರಿ ಎಂದು ನಯವಾಗಿ ಕೇಳಿತ್ತು. ದೊಡ್ಡ ಕನಸು ಕಾಣಿ ಎಂದಿತ್ತು. ಕನಸು ಬೀಳುವಷ್ಟು ನಿದ್ದೆ ಯಾರಿಗಿದೆ ಎಂದು ಮಾತ್ರ ವಿಚಾರಿಸಿರಲಿಲ್ಲ. ಕೆಳಗೆ ಸಣ್ಣಕ್ಷರದಲ್ಲಿ ಇನ್ನೊಂದು ಪ್ರಶ್ನೆ: ಸೂಪರ್‌ವೈಸರ್ ಆಗಿ ಹೊಸ ಯೂನಿಟ್‌ಗೆ ಹೋಗಲು ಒಪ್ಪಿಗೆಯೇ? ಹೊಸ ಯೂನಿಟ್ ಒಂದು ದಿನದ ರೈಲು ದೂರ. 'ಹೌದು' ಎಂದವರು ಸೋಮವಾರ ಹೊರಡಬೇಕು.

ಲೈನಿನ ಹಾಳೆಗಳನ್ನು ಒಟ್ಟುಮಾಡಿ ಕೊಡುವ ಕೆಲಸ ಅವನ ಪಾಲಿಗೆ ಬಂದಿತ್ತು.

"ಮೇಡಂ ಎಲ್ಲರೆದುರು ಕರೆದು, 'ಏನಮ್ಮಾ, ನಿನ್ನ ಗುರೀನೇ ರಿಜೆಕ್ಟ್ ಆಗಿದೆಯಲ್ಲ' ಅಂದ್ರು. ಬೆಲ್ ಹೊಡೆಯೋದ್ರೊಳಗೆ ಸರಿಮಾಡಿ ಕೊಡ್ಬೇಕಂತೆ."

ಅವನ ಮುಖ ಸಪ್ಪಗಾಯಿತು. "ಒಂದೊಂದೇ ತಿರುಗಿಸಿ ನೋಡ್ತಿದ್ದೆ. ಅಭ್ಯಾಸ ನೋಡಿ, ಕೈ ತಾನಾಗೇ ಅಂಟಿಸಿಬಿಡ್ತು."

"ಕೈತಪ್ಪು ಅನ್ನಿ."

"ಅಂಟಿಸಿದ್ದು ಕೈತಪ್ಪು. ಅಂಟಿಸಿದ ಜಾಗ ತಪ್ಪಲ್ಲ."

ಅವಳು ಬಗ್ಗಿ ನೋಡಿದಳು. ಮೊದಲ ವರ್ಷ: ತಂಗಿಯ ನರ್ಸಿಂಗ್ ಕೋರ್ಸ್. ಮೂರನೆಯದು: ಅಮ್ಮನ ಮೊಣಕಾಲಿನ ಆಪರೇಷನ್. ಐದನೆಯದು ಖಾಲಿ. ಬಾಣದ ಮೊನೆ ಆ ಖಾಲಿಯನ್ನೇ ತೋರಿಸುತ್ತಿತ್ತು. ಕೆಳಗೆ 'ಹೌದು' ಎಂಬಲ್ಲಿ ಅವಳದೇ ಗುರುತು.

"ಹೊಲಿಗೆ ಚೆನ್ನಾಗಿದೆ. ಒಂದು ಭಾಗ ಕೂಡಿಸೋದೇ ಬಿಟ್ಟಿದೀರಿ. ಇದ್ರಲ್ಲಿ ನೀವೆಲ್ಲಿ?"

"ನನ್ನನ್ನ ಕೂಡಿಸೋಕೆ ಬಟ್ಟೆ ಸಾಕಾಗ್ಲಿಲ್ಲ."

ಅವಳ ಹುಬ್ಬಿನ ಮೇಲೆ ನೀಲಿ ನೂಲಿನ ಎಳೆಯೊಂದು ಕೂತಿತ್ತು. ಅವನ ಕಣ್ಣು ಅಲ್ಲೇ ನಿಂತಿತು. ತೆಗೆಯಲು ಹೊರಟ ಕೈ ಅರ್ಧದಾರಿಯಲ್ಲೇ ಟೇಬಲ್ಲಿನ ಅಂಚಿಗೆ ಮರಳಿತು.

"ಯಾಕೆ, ಅಲ್ಲೂ ಬಾಣ ಹಚ್ಬೇಕಾ?"

"ಹಚ್ಚೋಣ ಅಂದ್ರೆ ಅಲ್ಲಿ ಏನೂ ತಪ್ಪು ಸಿಗ್ತಿಲ್ಲ."

ತುಟಿಯಂಚಿಗೆ ಬಂದ ನಗೆಯನ್ನು ಅವಳು ಅಲ್ಲೇ ನಿಲ್ಲಿಸಿದಳು. "ಇದನ್ನ ಹೇಳೋಕೆ ಆರು ವರ್ಷ ಬೇಕಾಯ್ತಾ? ಪ್ರತಿ ಸಲ ಪೀಸ್ ವಾಪಸ್ ಕೊಡುವಾಗ ಏನೋ ಹೇಳ್ತೀರಿ ಅಂತ ಕಾದೆ. 'ಇಲ್ಲಿ ಸುಕ್ಕು' ಅಂದ್ರಿ. ಕಾದು ಸುಸ್ತಾಯ್ತು. ಅದಕ್ಕೇ ಹೌದು ಅಂತ ಗುರುತು ಹಾಕ್ದೆ."

"ದಿನಕ್ಕೊಂದು ಬಾಣ ಸುಳ್ಳೇ ಹಚ್ತಿದ್ದೆ," ಎಂದ ಅವನು ತಲೆ ತಗ್ಗಿಸಿ. "ನೀವು ಈ ಟೇಬಲ್ ತನಕ ಬರ್ಲಿ ಅಂತ."

"ಗೊತ್ತಿತ್ತು. ಆ ಪೀಸಿನ ಹೊಲಿಗೆ ನಾನು ಬಿಚ್ತಾನೇ ಇರ್ಲಿಲ್ಲ. ಒಂದು ತಾಸು ಇಟ್ಕೊಂಡು ಹಾಗೇ ವಾಪಸ್ ತರ್ತಿದ್ದೆ. ನೀವು ಗಂಭೀರವಾಗಿ ಪಾಸ್ ಮಾಡ್ತಿದ್ರಿ."

ಗೋಡೆಯ ಗಡಿಯಾರದಲ್ಲಿ ಬೆಲ್ಲಿಗೆ ಹತ್ತು ನಿಮಿಷ ಉಳಿದಿತ್ತು.

"ನಿಮ್ಮ ಹಾಳೇಲಿ ಏನಿದೆ?" ಅವಳು ಕೇಳಿದಳು.

"ಅಪ್ಪನ ಕಣ್ಣು, ಅಣ್ಣನ ಮಕ್ಕಳ ಸ್ಕೂಲು. ಐದನೇ ವರ್ಷ ನಂದೂ ಖಾಲಿ, ಇನ್ನೂ ಕೊಟ್ಟಿಲ್ಲ. ನಂಗೆ ಬಾಣ ಹಚ್ಚೋರು ಯಾರೂ ಇಲ್ಲ." ಪೆನ್ನು ಅವಳತ್ತ ಸರಿಸಿದ. "ಬರೀರಿ."

"ಏನಂತ ಬರೀಲಿ? ಬೆಳಿಗ್ಗೆ ಏಳೂವರೆ ತನಕ ನಿದ್ದೆ ಮಾಡ್ಬೇಕು. ನಂಗೆ ಹೊಳೆಯೋದು ಇಷ್ಟೇ."

"ಏಳೂವರೆಗೆ ಎಬ್ಬಿಸೋಕೆ ಒಬ್ರು ಬೇಕಾಗುತ್ತೆ."

"ಯಾರಿದಾರೆ?"

"ನಾನಿದೀನಲ್ಲ. ಹೇಗೂ ದಿನಾ ನಿಂತೇ ಇರ್ತೀನಿ."

ಅವಳು ಅವನ ಪಾದ ನೋಡಿದಳು. ಚಪ್ಪಲಿಯ ಪಟ್ಟಿ ಊದಿದ ಚರ್ಮದೊಳಗೆ ಹೂತಿತ್ತು. ಚೆಕ್ಕರುಗಳಿಗೆ ಕುರ್ಚಿಯಿಲ್ಲ, ಕೂತರೆ ಕಣ್ಣು ಮಂಕಾಗುತ್ತದೆ ಎಂಬುದು ಕಂಪನಿ ಕಂಡುಹಿಡಿದ ಸತ್ಯ. ಹಾಗೆ ಕಂಡುಹಿಡಿದವರೆಲ್ಲ ಕುರ್ಚಿಯ ಮೇಲೆ ಕೂತೇ ಕಂಡುಹಿಡಿದಿದ್ದರು.

"ಅಮ್ಮನ ಮೊಣಕಾಲು?" ಅವಳ ದನಿ ಸಣ್ಣದಾಯಿತು. "ಸೂಪರ್‌ವೈಸರ್ ಆದ್ರೆ ಬೇಗ ಆಗ್ತಿತ್ತು."

"ಇಲ್ಲೇ ಇದ್ರೆ ಒಂದು ವರ್ಷ ತಡ ಆಗ್ಬಹುದು. ಸುಳ್ಳು ಹೇಳಲ್ಲ. ಆದ್ರೆ ಆಸ್ಪತ್ರೆ ಮೆಟ್ಟಿಲು ಹತ್ತಿಸೋಕೆ ಇಬ್ರು ಇರ್ತೀವಿ."

ಅವಳು ಅಮ್ಮನ ಆಪರೇಷನ್ನಿನ ಸಾಲನ್ನು ಇನ್ನೊಮ್ಮೆ ಓದಿ ಪೆನ್ನು ಎತ್ತಿಕೊಂಡಳು. ಆಮೇಲೆ 'ಹೌದು' ಎಂಬುದನ್ನು ಗೆರೆ ಎಳೆದು ಹೊಡೆದುಹಾಕಿದಳು. ಐದನೇ ವರ್ಷದ ಖಾಲಿಯಲ್ಲಿ ನಿಧಾನವಾಗಿ ಬರೆದಳು: ಏಳೂವರೆ ತನಕ ನಿದ್ದೆ. ಮನೆಯಲ್ಲಿ ಎರಡು ಕುರ್ಚಿ.

ಅವನು ಓದಿದ. ಎರಡನೇ ಸಲ ಓದಿದ. ಬಾಣವನ್ನು ಉಗುರಿನಿಂದ ಎಬ್ಬಿಸಿ ತೆಗೆದ. "ಪಾಸ್," ಎಂದ. ಆ ಬಾಣವನ್ನು ಅವಳು ಅವನ ಬೆರಳಿನಿಂದ ತೆಗೆದುಕೊಂಡು, ಟೇಬಲ್ಲಿನ ಮೇಲಿದ್ದ ಅವನ ಹಾಳೆಯನ್ನು ಎಳೆದುಕೊಂಡು, ಐದನೇ ವರ್ಷದ ಮೇಲೆ ಅಂಟಿಸಿದಳು.

ಆಮೇಲೆ ಹೋಗಿ ತನ್ನ ಯಂತ್ರದ ಮುಂದಿನ ಕುರ್ಚಿಯನ್ನು ಎಳೆದು ತಂದಳು.

"ಕೂತ್ಕೊಂಡು ಬರೀರಿ."

"ಯಾರಾದ್ರೂ ನೋಡಿದ್ರೆ?"

"ನೋಡ್ಲಿ."

ಅವನು ಕೂತ. ಮೊಣಕಾಲು ಲಟಕ್ಕೆಂದಿತು. ಬೆಲ್ ಹೊಡೆಯಿತು, ಜನ ಒಳಗೆ ಬರತೊಡಗಿದರು. ಗುಂಡಿ ಹಾಕುವ ದೊಡ್ಡಮ್ಮ ಕೂತವನನ್ನೂ ನಿಂತವಳನ್ನೂ ನೋಡಿ, "ಬೆಲ್ ಆಯ್ತಲ್ರೋ," ಎಂದಳು.

"ಆಯ್ತು ದೊಡ್ಡಮ್ಮ. ಇವರದ್ದು ಇನ್ನೊಂದು ಸಾಲು ಬಾಕಿ ಇದೆ," ಎಂದಳು ಅವಳು, ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟು.

ಅವನು ಏಳಲಿಲ್ಲ.