ಕಿಟಕಿಯಿಲ್ಲದ ಕೋಣೆಯ ನೀಲಿ

ಮಾರಾಟಕ್ಕಿದ್ದ ಮನೆಯೊಂದರ ಫೋಟೋ ತೆಗೆಯಲು ಮಧ್ಯಾಹ್ನ ನಾನೂ ಅಕ್ಕನೂ ಹೋಗಿದ್ದೆವು. ನೆಲಮಾಳಿಗೆಯ ಕೋಣೆಗೆ ಕಿಟಕಿಯಿರಲಿಲ್ಲ. ಇದ್ದದ್ದು ಒಂದು ಹಳದಿ ಬಲ್ಬು. ಬಿಳಿ ಗೋಡೆ ಬಿಳಿಯಾಗಿಯೇ ಬರಲೆಂದು ಅಕ್ಕನ ಕೈಗೆ ಬಿಳಿ ಹಾಳೆ ಕೊಟ್ಟು ಕ್ಯಾಮೆರಾದ ವೈಟ್ ಬ್ಯಾಲೆನ್ಸ್ ಹೊಂದಿಸಿದೆ. ಚಿತ್ರದಲ್ಲಿ ಹಾಳೆ ಬೆಳ್ಳಗೆ ಬಂತು. ಅಕ್ಕನ ಎಡಗೆನ್ನೆ ಮಾತ್ರ ನೀಲಿ.

"ಹಳದಿ ಬಲ್ಬಿಗೆ ಹೊಂದಿಸಿದಾಗ ಹಗಲು ಬೆಳಕು ಬಿದ್ರೆ ಹೀಗೆ ನೀಲಿಯಾಗುತ್ತೆ ಕಣಕ್ಕಾ."

"ಇಲ್ಲಿಗೆಲ್ಲಿಂದ ಬರ್ಬೇಕೋ ಹಗಲು? ನಡಿ, ಕೆನ್ನೆ ತಣ್ಣಗಾಗ್ತಿದೆ."

ನಮ್ಮ ಹಿಂದೆ ಮುಚ್ಚಿಕೊಂಡಿದ್ದ ಬಾಗಿಲು ಎಳೆದರೂ ತೆರೆಯಲಿಲ್ಲ. ಬಡಿದೆವು, ಕೂಗಿದೆವು. ಅಷ್ಟರಲ್ಲಿ ಬಲ್ಬೂ ಆರಿತು. ಅಕ್ಕ ನನ್ನ ತೋಳನ್ನು ಬಿಗಿಯಾಗಿ ಹಿಡಿದಳು. ಹೆದರಿಕೆಗೆ ನನ್ನ ಬೆರಳು ಕ್ಯಾಮೆರಾದ ಗುಂಡಿಯನ್ನು ಒತ್ತಿಬಿಟ್ಟಿತು; ಫ್ಲ್ಯಾಷ್ ಇರಲಿಲ್ಲ.

ಕೊನೆಗೆ ಮನೆಯ ಮಾಲೀಕರು ಬಂದು ಬಾಗಿಲು ತೆರೆದರು.

ಕತ್ತಲಲ್ಲಿ ತೆಗೆದ ಆ ಚಿತ್ರ ಈಗಲೂ ನನ್ನಲ್ಲಿದೆ. ಗೋಡೆಯ ಮೇಲೆ ನೀಲಿ ಬೆಳಕು, ಅದರಲ್ಲಿ ಕಿಟಕಿ ಸರಳುಗಳ ನೆರಳು, ಸರಳುಗಳನ್ನು ಬಿಗಿಹಿಡಿದ ಬೆರಳುಗಳ ನೆರಳು.