ಸೊನ್ನೆಯಂಥ ಐದು

"ನಾಲ್ಕಾ? ಇಪ್ಪತ್ತಕ್ಕೆ ಬರೀ ನಾಲ್ಕಾ?"

ದಾನಿಯಾ ಟೆಸ್ಟ್ ಪೇಪರನ್ನು ಕಿತ್ತುಕೊಂಡೇ ಬಿಟ್ಟಳು. ರುಸುಲ್ ಕೈ ಚಾಚುವಷ್ಟರಲ್ಲಿ ಅದನ್ನು ತಲೆಯ ಮೇಲಕ್ಕೆ ಎತ್ತಿ ಹಿಡಿದಿದ್ದಳು.

"ಕೊಡೇ ಇಲ್ಲಿ!"

"ನಮ್ಮಮ್ಮ ಆಗಿದ್ರೆ ನನ್ನನ್ನ ಮನೆಯೊಳಗೇ ಸೇರಿಸ್ತಿರ್ಲಿಲ್ಲ. ಅಲ್ಲ ಕಣೇ ಬೋಟರ್, ಕ್ಯಾಂಪಲ್ಲಿ ನಾನೇ ಫಸ್ಟ್ ಅಂತ ಕೊಚ್ಕೋತಿದ್ದೆ?"

ಬೋಟರ್ ಎಂದರೆ ಈಗಷ್ಟೇ ಹಡಗಿನಿಂದ ಇಳಿದವರು. ಅಮೆರಿಕದ ನಮ್ಮ ಡಿಯರ್‌ಬಾರ್ನ್ ಊರಿನಲ್ಲಿ ಆಗ, ಮೊದಲೇ ಬಂದು ನೆಲೆಸಿದ್ದ ಅರಬರ ಮಕ್ಕಳು ಹೊಸದಾಗಿ ಬಂದ ಅರಬರ ಮಕ್ಕಳನ್ನು ಹಾಗೆ ರೇಗಿಸುತ್ತಿದ್ದರು. ನಿಜ ಹೇಳಬೇಕೆಂದರೆ ರುಸುಲ್ ಹಡಗನ್ನು ಹತ್ತಿದವಳೇ ಅಲ್ಲ. ಇರಾಕಿನ ಬಸ್ರಾದಲ್ಲಿ ಗುಂಡಿನ ಸದ್ದು ಜೋರಾದಾಗ ಮನೆಯವರೊಂದಿಗೆ ಓಡಿ, ಮರಳುಗಾಡಿನ ಡೇರೆಗಳಲ್ಲಿ ಎರಡು ವರ್ಷ ಕಳೆದು, ವಿಮಾನದಲ್ಲಿ ಬಂದವಳು. ಬಂದು ನಾಲ್ಕು ತಿಂಗಳಾಗಿತ್ತು.

ಡೇರೆಯ ಶಾಲೆಯಲ್ಲಿ ಅವಳು ಫಸ್ಟ್ ಬರುತ್ತಿದ್ದುದೂ ನಿಜವೇ. ಅದಕ್ಕೇ ಈ ನಾಲ್ಕು ಅಂಕ ಅಷ್ಟು ಉರಿಯುತ್ತಿತ್ತು. ಟೀಚರ್ ಮಿಸೆಸ್ ನೊವಾಕ್ ಬೆಳಿಗ್ಗೆಯೇ ಹೇಳಿದ್ದರು: ಹತ್ತಕ್ಕಿಂತ ಕಡಿಮೆ ಬಂದವರು ಸೋಮವಾರದಿಂದ ಮ್ಯಾಥ್ಸ್‌ಗೆ ಕೆಳಗಿನ ಕೋಣೆಗೆ ಹೋಗಬೇಕು. ಕೆಳಗಿನ ಕೋಣೆಯಲ್ಲಿ ಎರಡನೇ ಕ್ಲಾಸಿನ ಪುಟಾಣಿಗಳು ಮಣಿ ಎಣಿಸುತ್ತಾ ಕೂತಿರುತ್ತಿದ್ದವು.

ಮನೆಗೆ ಬಂದಾಗ ತಾತ ಎಂದಿನಂತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿದ್ದರು. ಕೈಯಲ್ಲಿ ಪುಟ್ಟ ಗಾಜಿನ ಲೋಟದ ಚಹಾ. ಅಮ್ಮ ಬೇಕರಿ ಕೆಲಸದಿಂದ ಇನ್ನೂ ಬಂದಿರಲಿಲ್ಲ.

"ಪೇಪರ್ ಕೊಟ್ರಾ?"

"ಊಂ... ಇಲ್ಲ."

"ಇಲ್ಲ ಅನ್ನೋಳು ಬ್ಯಾಗನ್ನ ಯಾಕೆ ಬೆನ್ನ ಹಿಂದೆ ಇಟ್ಕೊಂಡಿದೀಯ?"

ತಾತನ ಹತ್ತಿರ ಸುಳ್ಳು ನಡೆಯುತ್ತಿರಲಿಲ್ಲ. ಬಸ್ರಾದಲ್ಲಿ ಮೂವತ್ತೊಂದು ವರ್ಷ ಗಣಿತದ ಮೇಷ್ಟ್ರಾಗಿದ್ದವರು ಅವರು. ಎಷ್ಟು ಹುಡುಗರ ಎಷ್ಟು ಬ್ಯಾಗುಗಳನ್ನು ನೋಡಿದ್ದರೋ! ರುಸುಲ್ ತಲೆ ತಗ್ಗಿಸಿ ಪೇಪರ್ ಕೊಟ್ಟಳು.

ತಾತ ಕನ್ನಡಕ ಏರಿಸಿಕೊಂಡರು. ಒಂದೊಂದೇ ಲೆಕ್ಕದ ಮೇಲೆ ಬೆರಳಿಡುತ್ತಾ ಹೋದರು. "ಏಳೆಂಟಲಿ ಐವತ್ತಾರು. ಸರಿ. ಎಂಟೈದಲಿ ನಲವತ್ತು. ಸರಿ. ಐದೈದಲಿ ಇಪ್ಪತ್ತೈದು. ಇದೂ ಸರಿ." ಕೊನೆಯವರೆಗೂ ಹೋಗಿ, ಮತ್ತೆ ಮೊದಲಿನಿಂದ ಬಂದರು. "ಎಲ್ಲಾ ಸರಿಯಾಗೇ ಇದೆಯಲ್ಲ ಮಗಳೇ! ನಿಮ್ಮ ಟೀಚರಮ್ಮನಿಗೆ ಮಗ್ಗಿ ಬರಲ್ವಾ?"

ರುಸುಲ್ ಬಗ್ಗಿ ನೋಡಿದಳು. ನೋಡಿದವಳೇ ಹಣೆ ಹಣೆ ಚಚ್ಚಿಕೊಂಡಳು.

ಟೆಸ್ಟಿಗೆ ಇದ್ದದ್ದು ಐದೇ ನಿಮಿಷ. ಟೀಚರ್ ಗಡಿಯಾರ ಹಿಡಿದು ನಿಂತಿದ್ದರು. ಉಳಿದ ಅಂಕಿಗಳನ್ನೆಲ್ಲ ಇಲ್ಲಿನಂತೆಯೇ ಬರೆದಿದ್ದ ಕೈ, ಆತುರದಲ್ಲಿ ಐದು, ಆರು, ಸೊನ್ನೆ ಬಂದಾಗಲೆಲ್ಲ ತನ್ನೂರಿನ ಅರಬಿ ಅಂಕಿಗೆ ಜಾರಿಬಿಟ್ಟಿತ್ತು. ಊರಿನ ಐದು ಒಂದು ಪುಟ್ಟ ಸುತ್ತು, ಥೇಟ್ ಇಲ್ಲಿನ ಸೊನ್ನೆ. ಊರಿನ ಆರು ಇಲ್ಲಿನ ಏಳಿನ ಹಾಗೆ. ಊರಿನ ಸೊನ್ನೆಯೋ, ಬರೀ ಒಂದು ಚುಕ್ಕೆ. ಹಾಗಾಗಿ ಟೀಚರ್ ಕಣ್ಣಿಗೆ ಐವತ್ತಾರು ಸೊನ್ನೆ ಏಳಾಗಿತ್ತು. ಇಪ್ಪತ್ತೈದು ಇಪ್ಪತ್ತಾಗಿತ್ತು. ನಲವತ್ತು ಬರೀ ನಾಲ್ಕಾಗಿತ್ತು.

"ಹೋಗ್ಲಿ ಬಿಡು ತಾತ. ಮುಂದಿನ ಸಲ ಸರಿಯಾಗಿ ಬರೀತೀನಿ."

"ಸರಿಯಾಗಿ ಬರೀತೀನಿ ಅಂದ್ರೆ? ಈಗ ಬರೆದಿದ್ದು ತಪ್ಪಾ?" ತಾತನ ದನಿ ಏರಿತು. "ನಾಳೆ ನಾನೂ ಬರ್ತೀನಿ."

"ಬೇಡ ತಾತ! ನಿನಗೆ ಇಂಗ್ಲಿಷ್ ಬರಲ್ಲ."

"ಲೆಕ್ಕ ಬರುತ್ತಲ್ಲ."

ಮರುದಿನ ಬೆಳಿಗ್ಗೆ ತಾತ ಗಡ್ಡ ಹೆರೆದು, ಬಸ್ರಾದಿಂದ ಮಡಚಿ ತಂದಿದ್ದ ನೀಲಿ ಟೈ ಕಟ್ಟಿಕೊಂಡರು. ಮೇಲೆ ಯಾರೋ ದಾನ ಕೊಟ್ಟ ಕಂದು ಕೋಟು. ತೋಳು ಬೆರಳಿನವರೆಗೂ ಬರುತ್ತಿತ್ತು. ರುಸುಲ್‌ಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಅವಳು ಎರಡು ಹೆಜ್ಜೆ ಮುಂದೆಯೇ ನಡೆದಳು.

ವಾರನ್ ರಸ್ತೆ ಆಗ ಈಗಿನಷ್ಟು ದೊಡ್ಡ ದೊಡ್ಡ ಅಂಗಡಿಗಳ ರಸ್ತೆಯಲ್ಲ. ಮಸುಕು ಗಾಜಿನ ಮೂರು ಬೇಕರಿ, ಒಂದು ಕಟಿಂಗ್ ಶಾಪ್, ಡಬ್ಬಿಗಳಲ್ಲಿ ಆಲಿವ್ ತುಂಬಿಟ್ಟ ಅಂಗಡಿಗಳು, ಅಷ್ಟೇ. ಚಳಿಗಾಲದ ಬೆಳಿಗ್ಗೆ ಬಾಗಿಲು ತೆರೆದಾಗಲೆಲ್ಲ ಬಿಸಿ ರೊಟ್ಟಿಯ ವಾಸನೆ ಹಿಮದ ಮೇಲೆ ಹರಡುತ್ತಿತ್ತು. ಶಾಲೆಗೆ ಹೋಗುವ ಮಕ್ಕಳು ಒಂದು ನಿಮಿಷ ಅಲ್ಲೇ ನಿಂತು ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದರು.

ತಾತನೂ ನಿಂತರು. "ನಮ್ಮ ಶಾಲೆ ಬಾಗಿಲಲ್ಲೂ ಹೀಗೇ ಒಬ್ಬ ರೊಟ್ಟಿಯವನಿದ್ದ. ಕಿಟಕಿ ತೆಗೆದ್ರೆ ನದಿ. ದೋಣಿ ಹೋಗೋವಾಗ ಹುಡುಗರ ಕಣ್ಣೆಲ್ಲ ಆಚೆಗೇ. ಮಗ್ಗಿ ಹೇಳಿಸ್ತಾ ಹೇಳಿಸ್ತಾ ನಾನೂ ಕದ್ದು ನೋಡ್ತಿದ್ದೆ ಅನ್ನು."

"ಬೇಗ ಬಾ ತಾತ, ಬೆಲ್ ಆಗುತ್ತೆ."

ಕ್ಲಾಸಿನಲ್ಲಿ ಮಿಸೆಸ್ ನೊವಾಕ್ ಒಬ್ಬರೇ ಪುಸ್ತಕ ಜೋಡಿಸುತ್ತಿದ್ದರು. ಈ ಊರಿಗೆ ಅವರೂ ಆ ವರ್ಷವೇ ಬಂದವರು. ಕಾರಿಡಾರಿನಲ್ಲಿ ಸಿಕ್ಕ ದಾನಿಯಾಳನ್ನು ರುಸುಲ್ ಒಳಗೆ ಎಳೆದಳು. "ಸ್ವಲ್ಪ ನಮ್ಮ ತಾತ ಹೇಳಿದ್ದನ್ನ ಇಂಗ್ಲಿಷಲ್ಲಿ ಹೇಳೇ, ಪ್ಲೀಸ್."

ತಾತ ಎದೆಯ ಮೇಲೆ ಕೈಯಿಟ್ಟು ನಮಿಸಿದರು. ಆಮೇಲೆ ಬೋರ್ಡಿನ ಕಡೆ ತೋರಿಸಿ ಏನೋ ಕೇಳಿದರು.

"ಚಾಕ್‌ಪೀಸ್ ತಗೋಬಹುದಾ ಅಂತ ಕೇಳ್ತಿದಾರೆ ಮಿಸ್," ಎಂದಳು ದಾನಿಯಾ.

ತಾತ ಚಾಕ್‌ಪೀಸಿನ ತುದಿ ಮುರಿದು ಒಂದು ಬಾರಿ ಬೋರ್ಡಿಗೆ ತಟ್ಟಿದರು. ಮೇಲಿನ ಸಾಲಿನಲ್ಲಿ ಸೊನ್ನೆಯಿಂದ ಒಂಬತ್ತರವರೆಗೆ ಇಲ್ಲಿನ ಅಂಕಿ ಬರೆದರು. ಅದರ ಕೆಳಗೆ ಊರಿನ ಅಂಕಿ. ಗೆರೆ ಎಳೆಯದೆಯೂ ಸಾಲು ನೆಟ್ಟಗಿತ್ತು. ಮತ್ತೆ ಜೇಬಿನಿಂದ ರುಸುಲ್‌ಳ ಪೇಪರ್ ತೆಗೆದು ಮೇಜಿನ ಮೇಲಿಟ್ಟು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು.

ಮಿಸೆಸ್ ನೊವಾಕ್ ಬೋರ್ಡ್ ನೋಡಿದರು, ಪೇಪರ್ ನೋಡಿದರು, ಮತ್ತೆ ಬೋರ್ಡ್ ನೋಡಿದರು. ಅವರ ಮುಖ ಕೆಂಪಾಯಿತು. ಮಕ್ಕಳ ಬೆಂಚಿನ ಮೇಲೇ ಕೂತು ಇಪ್ಪತ್ತೂ ಲೆಕ್ಕಗಳನ್ನು ಇನ್ನೊಮ್ಮೆ ತಿದ್ದಿದರು.

"ಸಾರಿ ರುಸುಲ್," ಎಂದರು. "ನೀನು ಎಲ್ಲಿಗೂ ಹೋಗ್ಬೇಕಾಗಿಲ್ಲ, ಇಲ್ಲೇ ಇರು. ಆದ್ರೆ ಇನ್ಮೇಲೆ ಮೇಲಿನ ಸಾಲಿನ ಅಂಕೀನೇ ಬರೀಬೇಕು, ಆಯ್ತಾ?"

ದಾನಿಯಾ ಅದನ್ನು ತಾತನಿಗೆ ಹೇಳಿದಳು. ತಾತ ತಲೆಯಾಡಿಸಿ ಇನ್ನೇನೋ ಕೇಳಿದರು.

"ಕ್ಲಾಸಲ್ಲಿ ಎಷ್ಟು ಮಕ್ಕಳು ಅಂತ ಮಿಸ್."

"ಇಪ್ಪತ್ತಾರು."

"ನನ್ನ ಕ್ಲಾಸಲ್ಲಿ ಐವತ್ತೆರಡು ಇದ್ರು," ಎಂದು ತಾತ ನಕ್ಕರು.

ಅಷ್ಟರಲ್ಲಿ ಬೆಲ್ ಆಯಿತು. ಮಕ್ಕಳು ದಡದಡನೆ ನುಗ್ಗಿದರು. ಬೋರ್ಡಿನ ಮುಂದೆ ಟೈ ಕಟ್ಟಿ, ಚಾಕ್‌ಪೀಸ್ ಹಿಡಿದು ನಿಂತ ಮುದುಕರನ್ನು ಕಂಡು ಹೊಸ ಮೇಷ್ಟ್ರೆಂದುಕೊಂಡು ಗಪ್‌ಚುಪ್ಪಾಗಿ ಕೂತರು. ಯಾರೋ ಒಬ್ಬ ನೋಟ್‌ಬುಕ್ಕನ್ನೂ ತೆರೆದ.

ತಾತನ ಬೆನ್ನು ನೆಟ್ಟಗಾಗಿತ್ತು. ಉದ್ದ ತೋಳಿನ ಕೋಟು ಈಗ ರುಸುಲ್ ಕಣ್ಣಿಗೆ ಬೀಳಲೇ ಇಲ್ಲ. ತಾತ ಒಂದೊಂದೇ ಮುಖವನ್ನು ನೋಡಿದರು. ಹಾಜರಿ ಕರೆಯುತ್ತಾರೇನೋ ಅನ್ನಿಸಿತು. ಮತ್ತೆ ಚಾಕ್‌ಪೀಸನ್ನು ಮೆಲ್ಲಗೆ ಕೆಳಗಿಟ್ಟು, ಕೈ ಒರೆಸಿಕೊಂಡು ಹೊರಟುಹೋದರು.

ಆಮೇಲೆ ರುಸುಲ್‌ಗೆ ಶಾಲೆ ಸಲೀಸಾಯಿತು. ದಿನಾ ಸಂಜೆ ತಾತ ಕೇಳುವುದು ಮಾತ್ರ ನಿಲ್ಲಲಿಲ್ಲ.

"ಇವತ್ತು ಯಾವುದಾದ್ರೂ ಲೆಕ್ಕ ತಪ್ಪಾಯ್ತಾ?"

"ಇಲ್ಲ ತಾತ, ಎಲ್ಲಾ ರೈಟ್!"

"ಭೇಷ್," ಎಂದು ತಾತ ಕಿಟಕಿಯ ಕಡೆ ತಿರುಗುತ್ತಿದ್ದರು. ಹೊರಗೆ ಹಿಮ ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ.

ಜನವರಿಯಲ್ಲಿ ಮತ್ತೊಂದು ಟೆಸ್ಟ್ ಆಯಿತು. ಇಪ್ಪತ್ತಕ್ಕೆ ಹತ್ತೊಂಬತ್ತು! ದಾನಿಯಾಗೆ ಹದಿನೇಳು. "ನನಗೂ ಹೇಳ್ಕೊಡೇ," ಎಂದು ಅವಳು ದಾರಿಯುದ್ದಕ್ಕೂ ಜೊತೆಗೇ ಬಂದಳು. ಬೋಟರ್ ಅನ್ನಲಿಲ್ಲ.

ತಾತ ಹತ್ತೊಂಬತ್ತನ್ನು ಸರಿಯಾಗಿ ನೋಡಲೂ ಇಲ್ಲ. ಅವರ ಬೆರಳು ನೇರವಾಗಿ ಕೆಂಪು ಗೀಟಿನ ಹತ್ತಿರ ಹೋಯಿತು. ನಲವತ್ತಾರನ್ನು ಏಳರಿಂದ ಗುಣಿಸಬೇಕಿತ್ತು. ರುಸುಲ್ ಇನ್ನೂರ ಎಂಬತ್ತೆರಡು ಎಂದು ಬರೆದಿದ್ದಳು.

"ಅಂಕಿ ಸರಿಯಾಗಿದೆ. ಲೆಕ್ಕ ತಪ್ಪಿದೆ!" ತಾತ ಹಬ್ಬ ಬಂದವರಂತೆ ನಕ್ಕರು. "ಇದು ನಿಜವಾದ ತಪ್ಪು! ಆರೇಳಲಿ ನಲವತ್ತೆರಡು, ದಶಕ ನಾಲ್ಕು ಎಲ್ಲಿ ಹೋಯ್ತು? ಪೆನ್ಸಿಲ್ ಎಲ್ಲಿ? ಬಾ, ಬಾ, ಕೂತ್ಕೋ."

ಅವರು ಕುರ್ಚಿಯನ್ನು ಕಿಟಕಿಯಿಂದ ಮೇಜಿನ ಕಡೆಗೆ ತಿರುಗಿಸಿದರು. ಟೈ ಇಲ್ಲದಿದ್ದರೂ ಕತ್ತಿನ ಹತ್ತಿರ ಕೈ ಹೋಗಿ ಅಂಗಿಯ ಗುಂಡಿ ಸರಿಮಾಡಿತು.

ದಶಕ ಕೂಡಿಸಲು ಮರೆತಿದ್ದು ರುಸುಲ್‌ಗೆ ಕ್ಲಾಸಿನಲ್ಲೇ ಗೊತ್ತಾಗಿತ್ತು. ಹೇಳಲು ಬಾಯಿ ತೆರೆದವಳು ತಾತನ ಮುಖ ನೋಡಿ, ಪೆನ್ಸಿಲ್ ತಂದು ಪಕ್ಕದಲ್ಲಿ ಕೂತಳು.

"ನನಗೆ ಅರ್ಥ ಆಗ್ತಿಲ್ಲ ತಾತ," ಎಂದಳು. "ಮೊದಲಿಂದ ಹೇಳ್ಕೊಡು."