ಕ್ಯಾಸೆಟ್ ಕವರಿನ ಮೇಲೊಂದು ಮಾತು

"ಅಯ್ಯೋ ಶಿವನೇ!"

ನಿರ್ಮಲಾಳ ಕೈಯಲ್ಲಿದ್ದ ಮೈಕು ಜಾರಿ ನೆಲಕ್ಕೆ ಬಿತ್ತು.

ಚನ್ನಗಿರಿಯ ಆ ಮೈಕ್ ಸೆಟ್ ಅಂಗಡಿಯ ಬಾಗಿಲಲ್ಲಿ ನಿಂತಿದ್ದವನ ಕೂದಲು ಭುಜದವರೆಗೆ ಇಳಿದಿತ್ತು. ಕಣ್ಣಿಗೆ ದಪ್ಪ ಕಾಡಿಗೆ. ಮೈಮೇಲೆ ನಾಟಕ ಕಂಪನಿಯ ರಾಣಿ ಪಾರ್ಟಿನ ಮಿಣಮಿಣ ಬಟ್ಟೆಯಲ್ಲಿ ಹೊಲಿಸಿದ ಅಂಗಿ! ಅದು ೧೯೮೭ನೇ ಇಸವಿ. ಹಾಡಹಗಲೇ ಇಂಥದ್ದನ್ನು ಕಂಡರೆ ಯಾರ ಎದೆ ತಾನೇ ಧಸಕ್ಕೆನ್ನುವುದಿಲ್ಲ ಹೇಳಿ?

"ಹೆದರಬ್ಯಾಡ್ರಿ ಅಕ್ಕಾರೆ. ನಾನು ಜಗಳೂರಿನ ಕಲ್ಲೇಶ. ನಮ್ಮದೊಂದು ಬ್ಯಾಂಡ್ ಐತ್ರಿ, 'ಸಿಡಿಲು' ಅಂತ. ಗ್ಲ್ಯಾಮ್ ಮೆಟಲ್ ಅಂತ, ಹಿಂಗೆ ವೇಷ ಹಾಕ್ಕೊಂಡು ಗಿಟಾರು ಬಡ್ಕೊಂಡು ಕಿರುಚಿ ಹಾಡೋದ್ರಿ. ಕ್ಯಾಸೆಟ್ ಮಾಡಾಕೆ ಮೈಕ್ ಸೆಟ್ ಬೇಕಿತ್ತು."

"ಅಕ್ಕಾರೆ?!" ಅವನ ವೇಷಕ್ಕಿಂತ ಆ ಮಾತೇ ಅವಳನ್ನು ಹೆಚ್ಚು ಚುಚ್ಚಿತು. "ನಿಮಗೆ ಅಕ್ಕ ಆಗೋವಷ್ಟು ವಯಸ್ಸಾಗೈತೇನ್ರಿ ನನಗೆ?"

ಕಲ್ಲೇಶ ನಕ್ಕುಬಿಟ್ಟ. 'ಛೇ... ಇವನು ನಕ್ಕರೆ ನನ್ನ ಮುಖ ಯಾಕೆ ಬಿಸಿಯಾಗ್ತೈತೆ?' ಎಂದು ಅವಳು ಬಗ್ಗಿ ಮೈಕು ಎತ್ತಿಕೊಂಡಳು.

ಅಪ್ಪ ಮಹೇಶ್ವರಪ್ಪನವರಿಗೆ ಕಿವಿ ಮಂದವಾದ ಮೇಲೆ ಆಂಪ್ಲಿಫೈಯರ್ ಮುಂದೆ ಕೂರುವುದು ಮಗಳ ಕೆಲಸವಾಗಿತ್ತು. ಅವರು ಆ ಹುಡುಗನನ್ನು ಮೇಲಿಂದ ಕೆಳಗೆ ನೋಡಿ, ಮಗಳನ್ನು ಒಳಗೆ ಕರೆದರು.

"ರೆಕಾರ್ಡಿಂಗಿಗೆ ನಾನೂ ಜೊತೆಗೆ ಬರ್ತೀನಿ. ಆದ್ರೆ ನೆನಪಿಟ್ಕ, ಈ ವೇಷದವರ ಜೊತೆ ನಿನ್ನ ಹೆಸರು ಯಾರ ಬಾಯಲ್ಲಾದ್ರೂ ಬಂತೋ, ಮತ್ತೆ ನೀನು ಈ ಆಂಪ್ಲಿಫೈಯರ್ ಪೆಟ್ಟಿಗೆ ಮುಟ್ಟಂಗಿಲ್ಲ!"

ಅವಳು ತಲೆಯಾಡಿಸಿದಳು. ಆ ಪೆಟ್ಟಿಗೆ ಬಿಟ್ಟರೆ ಅವಳಿಗೆ ಬೇರೆ ಲೋಕವೇ ಇರಲಿಲ್ಲ.

ಸಂತೇಬೆನ್ನೂರಿನ ಖಾಲಿ ಗೋದಾಮಿನಲ್ಲಿ ರೆಕಾರ್ಡಿಂಗ್ ಶುರುವಾಯಿತು. ಮಹೇಶ್ವರಪ್ಪ ಬಾಗಿಲಲ್ಲೇ ಕುರ್ಚಿ ಹಾಕಿಕೊಂಡು ಕೂತರು. ಡ್ರಮ್ಮಿನ ಗಿಡ್ಡಪ್ಪ ಒಂದೇಟು ಕೊಟ್ಟಿದ್ದೇ ತಡ, ಇಡೀ ಗೋದಾಮು ಗುಂಯ್ ಎಂದಿತು!

"ನಿಲ್ಲಿಸ್ರೀ! ಗೋಡೆ ವಾಪಸ್ ಕೂಗ್ತಾ ಐತೆ," ನಿರ್ಮಲಾ ಕಿವಿ ಮುಚ್ಚಿಕೊಂಡಳು. "ಮನೆಮನೆಗೆ ಹೋಗಿ ಹೊದಿಯೋ ಕೌದಿ ಇಸ್ಕೊಂಡು ಬರ್ರಿ."

ಬಣ್ಣಬಣ್ಣದ ಕೌದಿಗಳು ಗೋಡೆಗೆ ಏರಿದವು. ಗದ್ದಲ ತಣ್ಣಗಾಯಿತು. ಹಳೇ ಆಂಪ್ಲಿಫೈಯರಿಗೆ ಗಿಟಾರು ಸಿಕ್ಕಿಸಿ ಅವಳು ಗುಂಡಿಯನ್ನು ಪೂರ್ತಿ ತಿರುಗಿಸಿದಾಗ ಎದೆ ನಡುಗಿಸುವಂಥ ಸದ್ದು ಹೊರಟಿತು.

"ಇದೇ... ಇದೇ ಸದ್ದು ನನ್ನ ತಲೆಯೊಳಗೆ ಇದ್ದಿದ್ದು!" ಕಲ್ಲೇಶ ಬೆಚ್ಚಿಬಿದ್ದು ಅವಳನ್ನೇ ನೋಡಿದ. "ನಿಮಗೆ ಹೆಂಗೆ ಗೊತ್ತಾಯ್ತು?"

ಅವಳಿಗೂ ಗೊತ್ತಿರಲಿಲ್ಲ. ಆದರೆ ಅವನು ಹಾಗೆ ನೋಡಿದ್ದು ಮಾತ್ರ ಅವಳನ್ನು ಮನೆಯವರೆಗೂ ಹಿಂಬಾಲಿಸಿತು.

ಕೊನೆಯ ಹಾಡು ಮುಗಿದ ಮೇಲೆ ಅವನು ವೈರು ಸುತ್ತುವ ನೆಪದಲ್ಲಿ ಹತ್ತಿರ ಬಂದ. ವೇದಿಕೆ ಮೇಲೆ ಗಂಟಲು ಹರಿಯುವಂತೆ ಕಿರುಚುವವನಿಗೆ ಈಗ ದನಿಯೇ ಏಳುತ್ತಿಲ್ಲ!

"ನಿರ್ಮಲಾ... ನಿಂಗೊಂದು ಮಾತು ಹೇಳ್ಬೇಕು. ಬಾಯಲ್ಲಿ ಹೇಳಾಕೆ ಧೈರ್ಯ ಸಾಲ್ತಿಲ್ಲ. ಕ್ಯಾಸೆಟ್ ಕವರ್ ಮೇಲೆ ಬರ್ದೀನಿ. ನೋಡು."

ಕವರು ಹೊನ್ನಾಳಿಯ ಬಸವರಾಜಪ್ಪನವರ ಪ್ರೆಸ್ಸಿನಲ್ಲಿ ಅಚ್ಚಾಗಿ, ಕಲ್ಲೇಶನ ಕಣ್ಣಿಗೂ ಬೀಳದೆ, ನೇರವಾಗಿ ಬಿಡುಗಡೆ ನಡೆಯುವ ನ್ಯಾಮತಿಗೆ ಬಂತು. ಲಗ್ನಪತ್ರಿಕೆ ಮಾಡುವ ಪ್ರೆಸ್ಸು ಅದು. ಬಿಡುಗಡೆಯ ಸಂಜೆ ಮೈದಾನ ತುಂಬಿತ್ತು. ಕ್ಯಾಸೆಟ್ ಗಂಟು ಬಿಚ್ಚುತ್ತಿದ್ದಂತೆ ನಿರ್ಮಲಾ ಒಂದನ್ನು ಸೆಳೆದುಕೊಂಡಳು.

'ಈ ಹಾಡುಗಳೆಲ್ಲ ನಮ್ಮ ಸಹೋದರಿ ನಿರ್ಮಲಾಗೆ.'

ಸಹೋದರಿ!

ಅವಳ ಕಣ್ಣು ಕತ್ತಲಿಟ್ಟಿತು. 'ಇದನ್ನ ಹೇಳಾಕೆ ಧೈರ್ಯ ಬೇಕಿತ್ತಾ ಇವನಿಗೆ? ನಾನೇ ಹುಚ್ಚಿ... ಏನೇನೋ ಕಟ್ಕೊಂಡೆ...'

ಕಲ್ಲೇಶ ಮೈಕು ಹಿಡಿದು ಅವಳ ಮುಂದೆ ನಿಂತ. ಮುಖದ ತುಂಬ ಆಸೆ.

"ನೋಡಿದ್ಯಾ?" ಪಿಸುಗುಟ್ಟಿದ.

"ನೋಡಿದೆ." ಅವಳು ಮುಖ ಎತ್ತಲಿಲ್ಲ. "ಮೈಕು ಸರಿ ಐತೆ. ಹೋಗಿ ಹಾಡ್ರಿ ಅಣ್ಣಾ."

ಅಣ್ಣಾ?!

ಕಲ್ಲೇಶನಿಗೆ ನಿಂತ ನೆಲವೇ ಕುಸಿದಂತಾಯಿತು. ಕೈಯಲ್ಲಿದ್ದ ಮೈಕು ಚಾಲೂ ಇದೆ ಎಂಬುದೂ ಮರೆತುಹೋಯಿತು.

"ನಾನು ನಿಂಗೆ ಅಣ್ಣಾನಾ ನಿರ್ಮಲಾ?"

ಕಂಬಗಳಿಗೆ ಕಟ್ಟಿದ್ದ ಅಷ್ಟೂ ಹಾರ್ನ್ ಸ್ಪೀಕರುಗಳು ಆ ಮಾತನ್ನು ಇಡೀ ನ್ಯಾಮತಿಗೆ ಕೇಳಿಸಿದವು!

ನಿರ್ಮಲಾ ಕವರನ್ನು ಅವನ ಎದೆಗೆ ಒತ್ತಿದಳು. ಓದಿದವನೇ ಅವನು ಕಿರುಚಿದ: "ಅಯ್ಯೋ! 'ಈ ಹಾಡುಗಳೆಲ್ಲ ನಿರ್ಮಲಾಗೆ' ಅಂತ ಅಷ್ಟೇ ನಾನು ಬರ್ದಿದ್ದು! ಈ ಸಹೋದರಿ ಎಲ್ಲಿಂದ ಬಂದ್ಲು?"

ಮುಂದಿನ ಸಾಲಿನಿಂದ ಪ್ರೆಸ್ಸಿನ ಬಸವರಾಜಪ್ಪ ಎದ್ದುನಿಂತರು. "ನಾನೇ ಸೇರ್ಸಿದ್ದು ಕಣಪ್ಪಾ! ಮದುವೆ ಆಗದ ಹೆಣ್ಣುಮಗಳ ಹೆಸರು, ಈ ಕೂದಲು ಬಿಟ್ಟ ಹುಡುಗರ ಮಧ್ಯೆ ಬರೀ ಹೆಸರಾಗಿ ನಿಂತಿತ್ತು. ನಾಕು ಜನ ಏನಂದಾರು? ಮರ್ಯಾದೆಗೆ ಇರ್ಲಿ ಅಂತ ಹಾಕ್ದೆ!"

ಯಾರೋ ಗೊಳ್ಳೆಂದು ನಕ್ಕರು. ಕಲ್ಲೇಶ ನಗಲಿಲ್ಲ. "ನಂಗೆ ನೀನು ಇಷ್ಟ ನಿರ್ಮಲಾ. ಮದುವೆ ಆಗ್ತೀಯಾ?"

ಅವಳ ಕೈ ಆಂಪ್ಲಿಫೈಯರಿನ ಸದ್ದಿನ ಗುಂಡಿಯ ಮೇಲಿತ್ತು. ಅಪ್ಪ ಅತ್ತ ಕಂಬದ ಬಳಿ ನಿಂತಿದ್ದರು. ಗುಂಡಿ ಇಳಿಸಿಬಿಟ್ಟರೆ ಅವಳ ಉತ್ತರ ಆ ಮಂದ ಕಿವಿಗೆ ಬೀಳುವುದಿಲ್ಲ. ಏರಿಸಿದರೆ ನಾಳೆ ಈ ಪೆಟ್ಟಿಗೆಯೇ ತನ್ನದಲ್ಲ.

ನಿರ್ಮಲಾ ಗುಂಡಿಯನ್ನು ಪೂರ್ತಿ ಏರಿಸಿದಳು. ಅವನ ಕೈಯಿಂದ ಮೈಕು ಕಿತ್ತುಕೊಂಡಳು.

"ಅಪ್ಪಾ... ನಾನು ಇವರನ್ನೇ ಮದುವೆ ಆಗೋದು!"

ಮಹೇಶ್ವರಪ್ಪ ಕಂಬದ ಬಳಿಯಿಂದ ನಿಧಾನವಾಗಿ ನಡೆದು ಬಂದರು. ನಿರ್ಮಲಾ ತಾನಾಗಿಯೇ ಆಂಪ್ಲಿಫೈಯರಿನಿಂದ ಕೈ ತೆಗೆದಳು.

ಅವರು ಆ ಕೈ ಹಿಡಿದು ಮತ್ತೆ ಗುಂಡಿಯ ಮೇಲೆ ಇಟ್ಟರು. ಅವರ ಕಣ್ಣು ಒದ್ದೆಯಾಗಿತ್ತು.

"ಎಷ್ಟೋ ದಿನ ಆಗಿತ್ತವ್ವಾ ನಿನ್ನ ದನಿ ಇಷ್ಟು ಚೊಲೋ ಕೇಳ್ಸಿ," ಎಂದರು. ಆಮೇಲೆ ಕಲ್ಲೇಶನತ್ತ ತಿರುಗಿದರು. "ಏನಪ್ಪಾ, ಧಾರೆ ದಿನ ಆದ್ರೂ ಮುಖ ತೊಳ್ಕೊಂಡು ಬರ್ತೀಯೋ ಇಲ್ವೋ?"

ಕಲ್ಲೇಶನಿಗೆ ನಗುವೂ ಅಳುವೂ ಒಟ್ಟಿಗೇ ಬಂದು ಕಾಡಿಗೆ ಕೆನ್ನೆಗಿಳಿಯಿತು. ನಿರ್ಮಲಾ ಸೆರಗಿನ ತುದಿಯಿಂದ ಅದನ್ನು ಒರೆಸಿದಳು.

"ಇನ್ನೊಂದ್ಸಲ ಅಣ್ಣಾ ಅಂದ್ರೆ ನೋಡು..." ಎಂದ ಅವನು.

"ಮೊದ್ಲು ಅಕ್ಕಾರೆ ಅಂದಿದ್ದು ಯಾರು?"

"ತಪ್ಪಾಯ್ತು. ಕಲ್ಲೇಶ ಅಂತ ಒಂದ್ಸಲ ಕರಿ."

ಅವಳು ನಾಚಿ ತಲೆ ತಗ್ಗಿಸಿದಳು. "ಹೋಗ್ರಿ... ಇನ್ಮೇಲೆ ನಿಮ್ಮ ಹೆಸರು ಹಿಡಿದು ಕರೀತೀನೇನು?"